ಎರಡು ಪಟ್ಟಣಗಳ ತಿಂಡಿ ತೀರ್ಥ

ಬೆಂಗಳೂರಿಗೂ ಚೆನ್ನೈಗೂ ರೈಲುದಾರಿಯಲ್ಲಿ ಸುಮಾರು ೩೬೦ ಕಿಲೋಮೀಟರು. ಈ ಅಂತರದಲ್ಲಿ ಭಾಷೆ ಬದಲಾಗುತ್ತದೆ, ಹವೆ ಬದಲಾಗುತ್ತದೆ, ಕುಡಿಯುವ ನೀರು ಬದಲಾಗುತ್ತದೆ. ಬೆಳಗ್ಗೆ ಹೋಟೆಲಿನ ಹೊಸ್ತಿಲು ದಾಟಿದವನು ಕೇಳತಕ್ಕ ಪದಾರ್ಥಗಳ ಹೆಸರು ಮಾತ್ರ ಬದಲಾಗುವುದಿಲ್ಲ: ಇಡ್ಲಿ, ವಡೆ, ದೋಸೆ, ಕಾಫಿ. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ಭಾವಿಸಕೂಡದೆಂಬುದನ್ನು ತರ್ಕದ ಪಾಠದಲ್ಲಿ ಹುಡುಗರಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ಎರಡು ಪಟ್ಟಣಗಳ ಹೋಟೆಲುಗಳು ಅದನ್ನು ದಿನಬೆಳಗಾದರೆ ಎಲೆಯ ಮೇಲೆ ಬಡಿಸಿ ತೋರಿಸುತ್ತಿವೆ.

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಸಂವತ್ಸರವು ಎರಡು ಅಯನಗಳಾಗಿ ಒಡೆದುಕೊಂಡಿದೆ. ಮಗನ ಬಿಡಾರ ಬಸವನಗುಡಿಯಲ್ಲಿ, ಮಗಳ ಮನೆ ಮೈಲಾಪುರದಲ್ಲಿ; ಅಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು. ಎರಡು ಮನೆಗಳಲ್ಲಿಯೂ ದಂಪತಿಗಳಿಬ್ಬರೂ ಉದ್ಯೋಗಕ್ಕೆ ಹೋಗತಕ್ಕವರಾದುದರಿಂದ, ಬೆಳಗಿನ ಗಡಿಬಿಡಿಯಲ್ಲಿ ಅವರಿಗೆ ಹೊರೆಯಾಗಬಾರದೆಂದು ವಾರದಲ್ಲಿ ನಾಲ್ಕು ದಿನವಾದರೂ ನಾನು ಹೊರಗೆ ತಿಂಡಿ ಮುಗಿಸಿಕೊಂಡು ಬರುತ್ತೇನೆ. ನಮ್ಮ ಅಜ್ಜನವರ ಕಾಲದಲ್ಲಿ ಹೋಟೆಲಿಗೆ ಹೋಗಿ ಬಂದವನು ಆ ಸಂಗತಿಯನ್ನು ಮನೆಯಲ್ಲಿ ಬಾಯಿಬಿಡುತ್ತಿರಲಿಲ್ಲವಂತೆ. ಈಗ ಸೊಸೆಯೇ "ಮಾವ, ಇವತ್ತು ಎಲ್ಲಿ ತಿಂದಿರಿ, ಚೆನ್ನಾಗಿತ್ತೆ?" ಎಂದು ವಿಚಾರಿಸುತ್ತಾಳೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾನು ಬರೆಯುತ್ತಿರುವುದು ಸಸ್ಯಾಹಾರದ ಹೋಟೆಲುಗಳ ವಿಷಯ ಮಾತ್ರ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಿಗೂ, ೧೯೫೧ರಲ್ಲಿ ಚೆನ್ನೈಯ ಮೌಂಟ್ ರೋಡಿನಲ್ಲಿ ಪ್ರಾರಂಭವಾದ ಬುಹಾರಿಯಂಥ ಪ್ರಸಿದ್ಧ ಭೋಜನಾಲಯಗಳಿಗೂ ಅವುಗಳದೇ ಆದ ಕೀರ್ತಿಯುಂಟು; ಅಲ್ಲಿಯ ರುಚಿಯನ್ನು ನಿರ್ಣಯಿಸುವ ಅಧಿಕಾರ ನನ್ನ ನಾಲಗೆಗಿಲ್ಲ.

ಇಡ್ಲಿ ಯಾರದು ಎಂಬ ಜಗಳವನ್ನು ಎರಡು ಪಟ್ಟಣಗಳಲ್ಲಿಯೂ ಕೇಳಿದ್ದೇನೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವಿದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅದು ಇಡ್ಡರಿಕಾ ಎಂಬ ಸಂಸ್ಕೃತವೇಷವನ್ನು ಧರಿಸಿ ಬರುತ್ತದೆ. ಇವನ್ನು ಕಂಡು ಕನ್ನಡಿಗರು ಹಿಗ್ಗುವುದು ಸಹಜ. ಆದರೆ ಆ ಹಳೆಯ ಇಡ್ಲಿಯು ಉದ್ದಿನಿಂದಲೇ ಆದದ್ದು, ಅದರಲ್ಲಿ ಅಕ್ಕಿಯ ಪ್ರಸ್ತಾಪವಿಲ್ಲ. ಅಕ್ಕಿಯನ್ನೂ ಉದ್ದನ್ನೂ ಕೂಡಿಸಿ, ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದ ಇಂದಿನ ಇಡ್ಲಿಯ ಮೇಲೆ ದಾನಪತ್ರವನ್ನು ತೋರಿಸಬಲ್ಲ ಪಟ್ಟಣ ಯಾವುದೂ ಇಲ್ಲವಾದುದರಿಂದ ಆ ವ್ಯಾಜ್ಯವನ್ನು ಇಲ್ಲಿಗೇ ಬಿಡೋಣ.

ಅದಕ್ಕಿಂತ ಸ್ವಾರಸ್ಯವಾದ ವಿಷಯ ಬೇರೊಂದಿದೆ. ಹೋಟೆಲಿನ ತಿಂಡಿಯನ್ನು ಈ ಎರಡು ಪಟ್ಟಣಗಳಿಗೂ ಕಲಿಸಿದವರು ಬಹುಮಟ್ಟಿಗೆ ಒಂದೇ ಸೀಮೆಯವರು. ಬೆಂಗಳೂರಿನಲ್ಲಿ ೧೯೨೪ರಲ್ಲಿ ಹೋಟೆಲು ತೆರೆದು, ಮುಂದೆ ಅದನ್ನು ಮಾವಳ್ಳಿ ಟಿಫನ್ ರೂಂ ಎಂಬ ಹೆಸರಿನಿಂದ ಬೆಳೆಸಿದ ಮಯ್ಯ ಸಹೋದರರು ಉಡುಪಿಯ ಕಡೆಯವರು. ಚೆನ್ನೈ ಇನ್ನೂ ಮದರಾಸು ಎನಿಸಿಕೊಂಡಿದ್ದ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಅಲ್ಲಿಯ ರಾಯಪೇಟೆಯಲ್ಲಿದ್ದ ರಾಮನಾಡಿನ ರಾಜರ ಬಂಗಲೆಯನ್ನು ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲನ್ನು ನಡೆಸಿದ ಕೆ. ಕೃಷ್ಣರಾಯರೂ ಅದೇ ಕರಾವಳಿಯವರು. ೧೯೬೨ರಲ್ಲಿ ತೆರೆದ ಅವರ ಡ್ರೈವ್‌ಇನ್ ಹೋಟೆಲಿನಲ್ಲಿ ಮರದ ನೆರಳಿಗೆ ಕಾರನ್ನು ನಿಲ್ಲಿಸಿ ಒಳಗೆ ಕುಳಿತೇ ದೋಸೆ ತಿನ್ನುವುದು ಆ ಪಟ್ಟಣದವರಿಗೆ ಒಂದು ವಿನೋದವಾಗಿತ್ತು. ಅದು ೨೦೦೮ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಸೀಮೆ ಒಂದು, ಧಾನ್ಯ ಒಂದು, ಮಠದ ಪಾಕಶಾಲೆಗಳಲ್ಲಿ ಪಳಗಿದ ಕ್ರಮ ಒಂದು. ಹೀಗಿರಲು ಬೆಂಗಳೂರಿನ ತಿಂಡಿ ಒಂದು ಬಗೆಯಾಗಿಯೂ ಚೆನ್ನೈಯ ತಿಂಡಿ ಇನ್ನೊಂದು ಬಗೆಯಾಗಿಯೂ ಆದದ್ದು ಹೇಗೆ? ಮಾಡಿದವನ ಕೈಗಿಂತ ತಿಂದವನ ನಾಲಗೆಯೇ ಹೋಟೆಲಿಗೆ ಗುರುವೆಂದು ನನ್ನ ಅಭಿಪ್ರಾಯ. ಇದಕ್ಕೆ ಪ್ರಬಲವಾದ ದೃಷ್ಟಾಂತವೂ ದೊರೆಯುತ್ತದೆ. ಚೆನ್ನೈಯಲ್ಲಿ ಇಡ್ಲಿ ಸಾಂಬಾರಿಗೆ ಹೆಸರಾದ ಹೋಟೆಲುಗಳಲ್ಲಿ ತಿರುವಲ್ಲಿಕ್ಕೇಣಿಯ ರತ್ನಾ ಕೆಫೆ ಒಂದು. ಅಲ್ಲಿ ಇಡ್ಲಿಯ ಮೇಲೆ ಸಾಂಬಾರನ್ನು ಸುರಿಯುವ ಔದಾರ್ಯವನ್ನು ನೋಡಿದರೆ ಇಡ್ಲಿಯು ತಟ್ಟೆಯಲ್ಲಿದೆಯೋ ಕೆರೆಯಲ್ಲಿದೆಯೋ ಎಂದು ಸಂದೇಹವಾಗುತ್ತದೆ. ೧೯೪೮ರಲ್ಲಿ ಅದನ್ನು ಸ್ಥಾಪಿಸಿದ ಮನೆತನದವರು ತಮಿಳರಲ್ಲ, ಉಡುಪಿಯವರೂ ಅಲ್ಲ; ಉತ್ತರದೇಶದಿಂದ ಬಂದ ಗುಪ್ತ ವಂಶದವರು. ಗಂಗಾಯಮುನೆಗಳ ಸೀಮೆಯಿಂದ ಬಂದವರ ಹೋಟೆಲಿನಲ್ಲಿ ಅಚ್ಚ ತಮಿಳು ಸಾಂಬಾರು ಕುದಿಯಬೇಕಾದರೆ ಅದಕ್ಕೆ ಕಾರಣ ತಿರುವಲ್ಲಿಕ್ಕೇಣಿಯ ಗಿರಾಕಿಯಲ್ಲದೆ ಬೇರೆ ಯಾರು? ಇಂದು ಎರಡು ಪಟ್ಟಣಗಳಲ್ಲಿಯೂ ಕಾವಲಿಯ ಮುಂದೆ ನಿಂತವರಲ್ಲಿ ಒಡಿಶಾ, ಅಸ್ಸಾಂ, ಬಿಹಾರಗಳ ಯುವಕರು ಅನೇಕರು. ಅವರು ಹುಯ್ಯುವ ದೋಸೆ ಬೆಂಗಳೂರಿನಲ್ಲಿ ಬೆಂಗಳೂರಿನದಾಗಿಯೂ ಚೆನ್ನೈಯಲ್ಲಿ ಚೆನ್ನೈಯದಾಗಿಯೂ ಏಳುತ್ತದೆ.

ಈಗ ಸಾಂಬಾರಿನ ವಿಷಯಕ್ಕೆ ಬರೋಣ. ಎರಡು ಪಟ್ಟಣಗಳ ಮನಸ್ತಾಪವೆಲ್ಲ ಇರುವುದು ಅದರಲ್ಲಿಯೇ. ಬೆಂಗಳೂರಿನ ಹೋಟೆಲಿನ ಸಾಂಬಾರಿಗೆ ಬೆಲ್ಲ ಬೀಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೂ, ಕೊಬ್ಬರಿ ಅಥವಾ ಕಾಯಿಯ ಮಂದತೆಯೂ, ಕೆಲವು ಕಡೆ ಚಕ್ಕೆಲವಂಗದ ಕಂಪೂ ಅದಕ್ಕೆ ಸೇರುತ್ತವೆ. ಚೆನ್ನೈಯ ಟಿಫನ್ ಸಾಂಬಾರು ತೆಳ್ಳಗೆ. ಅದರಲ್ಲಿ ಸಣ್ಣ ಈರುಳ್ಳಿ ತೇಲುತ್ತಿರುತ್ತದೆ, ಕೊತ್ತಂಬರಿಬೀಜವೂ ಇಂಗೂ ಮುಂದಾಗಿರುತ್ತವೆ, ಹುಣಿಸೆಯ ಹುಳಿಯನ್ನು ಮರೆಮಾಡಲು ಯಾರೂ ಪ್ರಯತ್ನಿಸುವುದಿಲ್ಲ. ನನ್ನ ಅಳಿಯನು ಬೆಂಗಳೂರಿಗೆ ಬಂದಾಗಲೆಲ್ಲ ಮೊದಲ ತುತ್ತಿಗೇ "ಮಾವ, ಇದು ಸಾಂಬಾರೋ ಪಾಯಸವೋ?" ಎನ್ನುತ್ತಾನೆ. ಮಗನು ಚೆನ್ನೈಯಲ್ಲಿ ಊಟಕ್ಕೆ ಕುಳಿತರೆ ನೀರಿನ ಲೋಟವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಭಾವಮೈದುನರ ಈ ವಾದವು ಹನ್ನೊಂದು ವರ್ಷಗಳಿಂದ ನಡೆಯುತ್ತಿದೆ. ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಧೈರ್ಯ ಮನೆಯಲ್ಲಿಲ್ಲದಿದ್ದರೂ ಪತ್ರಿಕೆಯಲ್ಲುಂಟು. ಇಡ್ಲಿಯ ಜೊತೆಗೆ ಚೆನ್ನೈಯ ಸಾಂಬಾರೇ ಮೇಲು. ಇಡ್ಲಿಯು ಸ್ವಭಾವತಃ ಸಪ್ಪೆಯಾದ ಸಾಧುಪದಾರ್ಥ; ಅದಕ್ಕೆ ಹುಳಿಖಾರಗಳ ಸಂಗಾತಿ ಬೇಕೇ ಹೊರತು ಇನ್ನೊಂದು ಸೌಮ್ಯದ ಸಂಗಾತಿ ಬೇಡ. ಬೆಂಗಳೂರಿನವರಿಗೂ ಈ ಸೂಕ್ಷ್ಮ ತಿಳಿದಿಲ್ಲವೆಂದಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನವರು ಇಡ್ಲಿಗೆ ಸಾಂಬಾರನ್ನು ಕೊಡುವುದೇ ಇಲ್ಲ. ಚಟ್ನಿಯನ್ನು ಮಾತ್ರ ಎಷ್ಟು ಕೇಳಿದರೂ ಹಾಕುತ್ತಾರೆ. ಬೆಂಗಳೂರಿನ ನಿಜವಾದ ಸಾಮರ್ಥ್ಯವಿರುವುದು ಆ ಚಟ್ನಿಯಲ್ಲಿ.

ಇಡ್ಲಿಯ ಮೈಯೂ ಬೇರೆ. ಚೆನ್ನೈಯಲ್ಲಿ ಕುಸುಬಲಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬುತ್ತಾರೆ; ಇಡ್ಲಿ ಬಿಳಿಯ ಅರಳೆಯಂತೆ ಬೆರಳಿಗೆ ತಗ್ಗುತ್ತದೆ. ನಮ್ಮ ಕಡೆ ಅಕ್ಕಿತರಿಯನ್ನು ಉಪಯೋಗಿಸುವ ರೂಢಿ ಹೆಚ್ಚು. ಇಡ್ಲಿ ಕೊಂಚ ಒರಟು, ಹಲ್ಲಿಗೆ ಸಿಕ್ಕುತ್ತದೆ. ಇದರಲ್ಲಿ ಹವೆಯ ಪಾತ್ರವೂ ಇಲ್ಲದಿಲ್ಲ. ಉದ್ದಿನ ಹಿಟ್ಟು ಉಬ್ಬುವುದು ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕಾರ್ಯದಿಂದ. ಅವು ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ, ಅವಕ್ಕೆ ಸೆಕೆ ಪ್ರಿಯ. ಸಮುದ್ರದ ದಡದಲ್ಲಿರುವ ಚೆನ್ನೈಯಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ನಡುರಾತ್ರಿಗೇ ಪಾತ್ರೆಯಿಂದ ಹೊರಕ್ಕೆ ಇಣುಕುತ್ತದೆ. ಸಮುದ್ರಮಟ್ಟದಿಂದ ೯೦೦ ಮೀಟರುಗಳಿಗೂ ಮೇಲಿರುವ ಬೆಂಗಳೂರಿನಲ್ಲಿ, ಅದರಲ್ಲಿಯೂ ಮಾರ್ಗಶಿರದ ಚಳಿಯಲ್ಲಿ, ಬೆಳಗ್ಗೆ ಎದ್ದು ನೋಡಿದರೆ ಹಿಟ್ಟು ಮಲಗಿಯೇ ಇರುತ್ತದೆ. ಆದಕಾರಣವೇ ನಮ್ಮವರು ಮೆಂತ್ಯ, ಅವಲಕ್ಕಿಗಳನ್ನು ಸೇರಿಸುವುದು. ಅವಸರವುಳ್ಳ ಕೆಲವರು ಸೋಡದ ಪುಡಿಯನ್ನು ಸೇರಿಸಿ, ತಿಂದವನಿಗೆ ಮಧ್ಯಾಹ್ನದವರೆಗೆ ನೀರಡಿಕೆಯನ್ನು ಉಂಟುಮಾಡುವುದು.

ಹವೆಯಂತೆಯೇ ಕಾಲವೂ ತಿಂಡಿಯನ್ನು ತಿದ್ದುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ಗೋಧಿಯ ರವೆಯಿಂದ ರವೆ ಇಡ್ಲಿಯನ್ನು ತಾವು ಕಲ್ಪಿಸಿದೆವೆಂದು ಮಾವಳ್ಳಿಯವರು ಹೇಳಿಕೊಳ್ಳುತ್ತಾರೆ. ಅದೇ ಹೋಟೆಲು ೧೯೭೫ರ ತುರ್ತುಪರಿಸ್ಥಿತಿಯ ಕಾಲದ ದರಗಳ ಕಟ್ಟಿಗೆ ಸಿಕ್ಕಿ ಬಾಗಿಲು ಹಾಕಿತು. ಆಗ ಆ ಮನೆತನದವರು ತಿಂಡಿಯ ಹಿಟ್ಟನ್ನೂ ಸಾರಿನ ಪುಡಿಯನ್ನೂ ಪೊಟ್ಟಣ ಕಟ್ಟಿ ಮಾರಲಾರಂಭಿಸಿದರು. ಹೀಗೆ ಗೃಹಸ್ಥನು ಹೋಟೆಲಿಗೆ ಹೋಗುವುದರ ಬದಲು ಹೋಟೆಲೇ ಗೃಹಸ್ಥನ ಅಡಿಗೆಮನೆಗೆ ಬಂದಿತು. ಆ ಪೊಟ್ಟಣದ ವ್ಯವಹಾರವು ೨೦೦೭ರಲ್ಲಿ ನಾರ್ವೆ ದೇಶದ ಓರ್ಕ್ಲಾ ಎಂಬ ಸಂಸ್ಥೆಯ ವಶವಾಯಿತು. ನಮ್ಮ ಸೊಸೆಯು ಒಗ್ಗರಣೆ ಹಾಕುವಾಗ ಈ ಮಾತನ್ನು ಎತ್ತಿದರೆ ಅವಳಿಗೆ ಹಿಡಿಸುವುದಿಲ್ಲ.

ದೋಸೆಯಲ್ಲಿ ಜಯಪತ್ರ ಬೆಂಗಳೂರಿಗೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ೧೯೪೩ರಿಂದ ಏಳುತ್ತಿರುವ ಮಸಾಲೆದೋಸೆಯನ್ನು ನೋಡಿರಿ: ಹೊರಗೆ ಬೆಲ್ಲದ ಬಣ್ಣ, ಮುರಿದರೆ ಸದ್ದು, ಒಳಗೆ ಮಾತ್ರ ಮೆತುವು. ಅನೇಕ ಹೋಟೆಲುಗಳಲ್ಲಿ ಒಳಮೈಗೆ ಕೆಂಪು ಚಟ್ನಿಯನ್ನು ಸವರಿ, ಪಲ್ಯವನ್ನಿಟ್ಟು, ಮೇಲೆ ಬೆಣ್ಣೆಯ ಉಂಡೆಯನ್ನು ಕೂರಿಸುತ್ತಾರೆ. ಚೆನ್ನೈಯವರು ದೋಸೆಯನ್ನು ಕಾಗದದಂತೆ ತೆಳ್ಳಗೆ ಎಳೆದು 'ರೋಸ್ಟ್' ಎನ್ನುತ್ತಾರೆ. ಅದು ನೋಡುವುದಕ್ಕೆ ಭವ್ಯ, ತಿನ್ನುವುದಕ್ಕೆ ಗಾಳಿ. ಅದರ ಜೊತೆಗೆ ಬರುವ ಮೂರು ನಾಲ್ಕು ಬಗೆಯ ಚಟ್ನಿಗಳನ್ನೂ, ಎಳ್ಳೆಣ್ಣೆಯಲ್ಲಿ ಕಲಸಿದ ಚಟ್ನಿಪುಡಿಯನ್ನೂ ಮಾತ್ರ ಹೊಗಳದೆ ಇರಲಾಗದು. ಪೊಂಗಲಿನ ವಿಷಯದಲ್ಲಂತೂ ನಾವು ಚೆನ್ನೈಯವರೊಡನೆ ಸ್ಪರ್ಧಿಸದಿರುವುದೇ ಮರ್ಯಾದೆ. ಅವರು ಖಾರಾಬಾತು ಕೇಸರಿಬಾತುಗಳನ್ನು ಒಂದೇ ತಟ್ಟೆಯಲ್ಲಿ ಕೂಡಿಸಿ ಚೌಚೌಬಾತು ಎಂದು ಕರೆಯುವ ನಮ್ಮ ಚಾತುರ್ಯವನ್ನು ಕಂಡು ನಗುತ್ತಾರೆ, ನಗಲಿ.

ಮಧ್ಯಾಹ್ನದ ಊಟದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಹಳೆಯ ಮೈಸೂರು ಸೀಮೆಯ ಎಲೆಯಲ್ಲಿ ಸಾರು ಮೊದಲು, ಹುಳಿ ಆಮೇಲೆ. ತಮಿಳರಲ್ಲಿ ಸಾಂಬಾರು ಮೊದಲು, ರಸ ಆಮೇಲೆ. ಮೈಲಾಪುರದಲ್ಲಿ ಮೊದಲ ಅನ್ನಕ್ಕೆ ನಾನು ರಸವನ್ನು ಕೇಳಿದರೆ ಬಡಿಸುವವನು ಕೈ ತಡೆದು ನನ್ನ ಮುಖ ನೋಡುತ್ತಾನೆ. ಊಟ ಮುಗಿಯಿತೆಂದು ತಿಳಿಯುತ್ತಾನೋ ಏನೋ.

ಇದುವರೆಗೆ ರುಚಿಯ ಮಾತಾಯಿತು. ಇನ್ನು ಕುಳಿತುಕೊಳ್ಳುವ ಮಾತು. ಇದು ನನ್ನ ಮೊಣಕಾಲಿಗೆ ಸಂಬಂಧಪಟ್ಟದ್ದಾದರೂ ಮೊಣಕಾಲಿನಲ್ಲಿಯೇ ನಿಲ್ಲುವಂಥದಲ್ಲ. ನಮ್ಮ ಹಿಂದಿನವರಿಗೆ ಊಟವೆಂದರೆ ಪಂಕ್ತಿ. ಯಾರ ಪಕ್ಕದಲ್ಲಿ ಯಾರು ಕೂಡಬಹುದು, ಕೂಡಬಾರದು ಎಂಬುದನ್ನು ಸ್ಮೃತಿಕಾರರು ಶ್ಲೋಕಶ್ಲೋಕವಾಗಿ ವಿಚಾರ ಮಾಡಿದ್ದಾರೆ. ತನ್ನ ಸಾನ್ನಿಧ್ಯದಿಂದಲೇ ಸಾಲನ್ನು ಪವಿತ್ರಗೊಳಿಸುವವನಿಗೆ ಪಂಕ್ತಿಪಾವನನೆಂಬ ಬಿರುದೇ ಇದೆ. ಈ ಶಬ್ದದ ವ್ಯುತ್ಪತ್ತಿಯನ್ನು ನಾನು ಹುಡುಗರಿಗೆ ಹೇಳಿಕೊಡುತ್ತಿದ್ದೆ. ಅದರಿಂದ ಹೊರಗಾದವರ ಕಥೆಯನ್ನು ಪಠ್ಯಪುಸ್ತಕ ಹೇಳುತ್ತಿರಲಿಲ್ಲ, ಹೋಟೆಲಿನ ಚರಿತ್ರೆ ಹೇಳುತ್ತದೆ. ಮೊದಮೊದಲು ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಮನೆ, ಇತರರಿಗೆ ಹೊರಗಿನ ಜಗಲಿ. ಕೆಲವರಿಗೆ ಜಗಲಿಯೂ ಇಲ್ಲ. ಹಣವನ್ನು ಮಾತ್ರ ಎಲ್ಲರಿಂದಲೂ ಪಡೆಯುತ್ತಿದ್ದರು.

ಚೆನ್ನೈಯಲ್ಲಿ ಇದು ಜಗಳವಾಡಿ ತೀರಿತು. ೧೯೫೭ರಲ್ಲಿ ತಿರುವಲ್ಲಿಕ್ಕೇಣಿಯ ಮುರಳೀ ಕೆಫೆಯ ಹಲಗೆಯಿಂದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಯಬೇಕೆಂದು ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು ತಿಂಗಳುಗಟ್ಟಲೆ ಅದರ ಮುಂದೆ ಸತ್ಯಾಗ್ರಹ ಹೂಡಿ ಬಂಧನಕ್ಕೊಳಗಾದರು. ಕಡೆಗೆ ಪದವು ಹಲಗೆಯಿಂದ ಇಳಿಯಿತು. ಬೆಂಗಳೂರಿನಲ್ಲಿ ಆದದ್ದು ಬೇರೆ ರೀತಿ. ಶಂಕರಪುರದ ಕಾಫಿ ಬಾರಿನ ಹಲಗೆಯ ಮೇಲೆ ಆ ಪದವು ೧೯೬೫ರಿಂದಲೂ ಇದೆ. ಆದರೆ ಅದರ ಕೆಳಗೆ ಕುಳಿತುಕೊಳ್ಳಲು ಆಸನವೇ ಇಲ್ಲ. ನ್ಯಾಯಾಧಿಪತಿಯೂ ಆಟೋರಿಕ್ಷಾದವನೂ ತಟ್ಟೆ ಹಿಡಿದು ಬೀದಿಯಂಚಿನಲ್ಲಿ ಮೊಣಕೈಗೆ ಮೊಣಕೈ ತಗಲುವಂತೆ ನಿಂತು ತಿನ್ನುತ್ತಾರೆ. ೧೯೮೩ರಲ್ಲಿ ಜಯನಗರದಲ್ಲಿ ಪ್ರಾರಂಭವಾದ ದರ್ಶಿನಿ ಎಂಬ ಪದ್ಧತಿಯು ಇದನ್ನೇ ಪಟ್ಟಣದ ಮೂಲೆಮೂಲೆಗೂ ಹರಡಿತು. ಮೊದಲು ದುಡ್ಡು ಕೊಟ್ಟು ಚೀಟಿ ಪಡೆಯುವುದು, ಕಣ್ಣೆದುರಿಗೇ ಬೇಯುವುದನ್ನು ನೋಡುವುದು, ಕಟ್ಟೆಯ ಮೇಲಿಂದ ತಾನೇ ಎತ್ತಿಕೊಳ್ಳುವುದು, ನಿಂತು ತಿನ್ನುವುದು, ಹೋಗುವುದು. ಕುಳಿತರೆ ತಾನೆ ಪಂಕ್ತಿ? ಪೀಠವನ್ನೇ ಎತ್ತಿಬಿಟ್ಟ ಮೇಲೆ ಭೇದವನ್ನು ಎಲ್ಲಿ ಕೂರಿಸುವುದು? ದರ್ಶಿನಿಯನ್ನು ಕಲ್ಪಿಸಿದವರ ಉದ್ದೇಶ ಕಡಿಮೆ ಕ್ರಯವೂ ಶುಚಿಯೂ ಇದ್ದಿರಬೇಕು. ಆದರೆ ಅದರಿಂದ ಸಿದ್ಧಿಸಿದ ಈ ಫಲವನ್ನು ಸಾಮಾನ್ಯವೆನ್ನಲಾರೆ.

ಇದರಿಂದ ಯಾರಿಗೂ ನಷ್ಟವಾಗಲಿಲ್ಲವೆಂದು ಹೇಳುವಂತಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಬಿಸಿ ಸಾಂಬಾರಿನ ತಟ್ಟೆ ಹಿಡಿದ ಮುದುಕಿಯು ಎಲ್ಲಿ ಇಡಲಿ ಎಂದು ಸುತ್ತಲೂ ನೋಡುವುದನ್ನು ಬಸವನಗುಡಿಯಲ್ಲಿ ಎಷ್ಟೋ ಬೆಳಗ್ಗೆ ಕಂಡಿದ್ದೇನೆ. ಯಾರಾದರೂ ಹುಡುಗರು "ಅಜ್ಜಿ, ಇಲ್ಲಿ ಕೊಡಿ" ಎಂದು ತಟ್ಟೆಯನ್ನು ಹಿಡಿದುಕೊಳ್ಳುತ್ತಾರೆ. ಒಂದೊಂದು ದಿನ ಯಾರೂ ನೋಡುವುದಿಲ್ಲ. ಮಗುವನ್ನು ಎತ್ತಿಕೊಂಡ ತಾಯಂದಿರ ಪಾಡೂ ಇದೇ. ಆಸನ ಬೇಕೆಂದರೆ ಮೇಲಿನ ಅಂತಸ್ತಿನಲ್ಲಿ ತಂಪುಯಂತ್ರದ ಕೋಣೆಯುಂಟು. ಒಲೆ ಅದೇ, ಸಾಂಬಾರು ಅದೇ, ಬೆಲೆ ಮಾತ್ರ ಬೇರೆ. ಚೆನ್ನೈಯಲ್ಲಿಯೂ ದೊಡ್ಡ ಹೋಟೆಲುಗಳು ಈ ತಂತ್ರವನ್ನು ಕಲಿತಿವೆ. ಜಾತಿಯ ಒಳಮನೆ ಹೋಗಿ ಹಣದ ಒಳಮನೆ ಬಂದಿತೇ ಎಂದು ನನಗೆ ಅನೇಕವೇಳೆ ಅನಿಸುವುದುಂಟು. ಚೆನ್ನೈಯ ಹಳೆಯ ಮೆಸ್ಸುಗಳಲ್ಲಿ ಮಾತ್ರ ಇನ್ನೂ ಉದ್ದನೆಯ ಮೇಜು, ಬೆಂಚು, ಬಾಳೆಯ ಎಲೆ. ಗುರುತಿಲ್ಲದವನು ಪಕ್ಕದಲ್ಲಿ ಬಂದು ಕೂರುತ್ತಾನೆ, ಒಂದೇ ಬೆಲೆ ಕೊಡುತ್ತಾನೆ, ಚಟ್ನಿಯ ಪಾತ್ರೆಯನ್ನು ಇತ್ತ ಸರಿಸುತ್ತಾನೆ. ಎರಡು ಪಟ್ಟಣಗಳಲ್ಲಿ ಯಾವುದು ಮೇಲೆಂದು ನನ್ನನ್ನು ಒತ್ತಾಯಪಡಿಸಿದರೆ, ದೋಸೆಯನ್ನು ಬೆಂಗಳೂರಿಗೆ ಬಿಟ್ಟು, ಆ ಬೆಂಚಿಗಾಗಿ ಚೆನ್ನೈಗೆ ಒಂದು ಗುಣ ಹೆಚ್ಚಾಗಿ ಕೊಡುತ್ತೇನೆ.

ಕಾಫಿಯನ್ನು ಮರೆತರೆ ವಾಚಕರು ಕ್ಷಮಿಸಲಾರರು. ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ, ಕೊಡಗು ಚಿಕ್ಕಮಗಳೂರು ಹಾಸನಗಳ ಬೆಟ್ಟಗಳಲ್ಲಿ. ಅದನ್ನು ಹೆಚ್ಚು ಭಕ್ತಿಯಿಂದ ಕುಡಿಯುವವರು ಚೆನ್ನೈಯವರು. ಅಲ್ಲಿ ಲೋಟವು ಡವರಾದೊಳಗೆ ಕುಳಿತು ಬರುತ್ತದೆ. ಎತ್ತಿ ಸುರಿದು ನೊರೆ ಬರಿಸಿ, ನಿಧಾನವಾಗಿ, ಪೂರ್ತಿಯಾಗಿ ಒಬ್ಬನೇ ಕುಡಿಯಬೇಕು. ಬೆಂಗಳೂರಿನ ಕಾಫಿ ಇನ್ನೂ ಸ್ವಲ್ಪ ಸಿಹಿ, ಲೋಟ ಚಿಕ್ಕದು, ಆದರೂ ಅದನ್ನು ಇಬ್ಬರು ಹಂಚಿಕೊಳ್ಳುತ್ತಾರೆ. 'ಬೈ ಟೂ' ಎಂಬ ಈ ಪದವನ್ನು ಯಾವ ವೈಯಾಕರಣನೂ ಸಾಧಿಸಿಕೊಡಲಾರನು. ಅದರ ಅರ್ಥ ಮಾತ್ರ ಬೆಂಗಳೂರಿನ ಮಗುವಿಗೂ ಗೊತ್ತು. ಚೆನ್ನೈಯಲ್ಲಿ ಇದು ಅಷ್ಟು ವಾಡಿಕೆಯಲ್ಲ. ಒಂದು ಸಲ ಅಲ್ಲಿ ಸ್ನೇಹಿತರೊಬ್ಬರೊಡನೆ ಹೋಗಿ ಕೇಳಿದಾಗ ಬಡಿಸುವ ಹುಡುಗನು ಎರಡು ಪೂರ್ತಿ ಲೋಟಗಳನ್ನೇ ತಂದಿಟ್ಟು, "ಪೆರಿಯವರೇ, ಅರ್ಧ ಕಾಫಿ ಕುಡಿದರೆ ತೃಪ್ತಿಯಾಗುತ್ತದೆಯೇ?" ಎಂದು ತಮಿಳಿನಲ್ಲಿ ಕೇಳಿದನು.

ಚೆನ್ನೈಗೆ ಹೋಗತಕ್ಕ ಗೃಹಸ್ಥರಿಗೆ ಒಂದು ಸೂಚನೆ. ಮೈಲಾಪುರದ ಹಳೆಯ ಮೆಸ್ಸುಗಳಲ್ಲಿ ಕೆಲವು ಬೆಳಗಿನ ಹಿಟ್ಟು ತೀರಿದೊಡನೆ ಒಲೆ ಆರಿಸುತ್ತವೆ. ಬೆಂಗಳೂರಿನಲ್ಲಿ ಬೆಳಗ್ಗೆ ಹೊರಡುವ ರೈಲನ್ನು ನಂಬಿದರೆ ತಿಂಡಿ ದೊರೆಯುವುದಿಲ್ಲ. ಹಿಂದಿನ ರಾತ್ರಿಯ ಗಾಡಿಗೆ ಹೊರಟು, ಸ್ನಾನ ಮುಗಿಸಿ, ಏಳೂವರೆಯೊಳಗಾಗಿ ಬೆಂಚಿನ ಮೇಲೆ ಕುಳಿತಿರಬೇಕು.